ಹಳೆಯ ಲ್ಯಾಪ್‌ಟಾಪಿಗೆ ಉಸಿರು ಕಟ್ಟಿದಾಗ

ಮನೆಯಲ್ಲಿ ಹಳೆಯದಾದ ವಸ್ತುಗಳಿಗೆ ನಮ್ಮಲ್ಲಿ ಒಂದು ಗೌರವಯುತವಾದ ದಾರಿಯುಂಟು. ಅಣ್ಣನಿಗೆ ಗಿಡ್ಡವಾದ ಅಂಗಿ ತಮ್ಮನಿಗೆ ಬರುತ್ತದೆ; ಪಟ್ಟಣದ ಮನೆಗೆ ಹೊಸ ಮೇಜು ಬಂದರೆ ಹಳೆಯದು ಊರಿನ ಮನೆಯ ಪಡಸಾಲೆಯನ್ನು ಸೇರುತ್ತದೆ. ಕೈಗಡಿಯಾರ, ರೇಡಿಯೋ, ಹೊಲಿಗೆಯಂತ್ರ ಇವೆಲ್ಲ ಒಂದಾನೊಂದು ಕಾಲದಲ್ಲಿ ಈ ದಾರಿಯಲ್ಲೇ ನಡೆದುಹೋದವು. ಈಚಿನ ವರ್ಷಗಳಲ್ಲಿ ಅದೇ ದಾರಿಯನ್ನು ಹಿಡಿದಿರುವುದು ಲ್ಯಾಪ್‌ಟಾಪ್. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳೂ ಕಚೇರಿಗಳೂ ಒಮ್ಮೆಗೇ ಬಾಗಿಲು ಹಾಕಿದಾಗ ಎಷ್ಟೋ ಮನೆಗಳಿಗೆ ಅವಸರದಲ್ಲಿ ಬಂದ ಲ್ಯಾಪ್‌ಟಾಪುಗಳಿಗೆ ಈಗ ಮುಪ್ಪು. ಪಟ್ಟಣದವರು ಹೊಸದನ್ನು ಕೊಂಡು ಹಳೆಯದನ್ನು ಊರಿನ ಮಕ್ಕಳಿಗೆ ಕೊಟ್ಟು ಕಳುಹಿಸುತ್ತಾರೆ.

ಆದರೆ ಮೇಜಿಗೂ ಲ್ಯಾಪ್‌ಟಾಪಿಗೂ ಒಂದು ವ್ಯತ್ಯಾಸವಿದೆ. ಮೇಜನ್ನು ಎರಡು ವರ್ಷ ಅಟ್ಟದ ಮೇಲೆ ಇಟ್ಟರೂ ಅದು ಮೇಜಾಗಿಯೇ ಉಳಿಯುತ್ತದೆ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಬ್ಯಾಟರಿಯೆಂಬ ವಸ್ತುವಿದೆ. ಉಪಯೋಗಿಸಿದರೂ ಅದು ಸವೆಯುತ್ತದೆ, ಉಪಯೋಗಿಸದಿದ್ದರೂ ಸವೆಯುತ್ತದೆ. ಕೊಟ್ಟವರ ಮನೆಯಲ್ಲಿ ಚೆನ್ನಾಗಿದ್ದ ಯಂತ್ರ ಪಡೆದವರ ಮನೆಯಲ್ಲಿ ಹತ್ತೇ ನಿಮಿಷಕ್ಕೆ ಕಣ್ಣು ಮುಚ್ಚುವುದು ಹೀಗೆ.

ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಒಂದೇ. ಚಾರ್ಜ್ ಆಗದ ಲ್ಯಾಪ್‌ಟಾಪನ್ನು ಕಂಡೊಡನೆ ‘ಬ್ಯಾಟರಿ ಹೋಯಿತು’ ಎಂದು ತೀರ್ಪು ಕೊಡಬಾರದು. ಗೋಡೆಯಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಒಳಕ್ಕೆ ಹೋಗುತ್ತ, ತಪ್ಪಿತಸ್ಥನನ್ನು ಕ್ರಮವಾಗಿ ಹುಡುಕಬೇಕು. ಇದಕ್ಕೆ ಬೇಕಾದದ್ದು ಅರ್ಧ ಗಂಟೆಯ ತಾಳ್ಮೆ. ಬಹುಪಾಲು ಪರೀಕ್ಷೆಗಳಿಗೆ ಕಾಸಿನ ಖರ್ಚೂ ಇಲ್ಲ.

ಹಿರೇಗುಂಟನೂರಿನ ಒಂದು ಮನೆ

ಉದಾಹರಣೆಗಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೇಗುಂಟನೂರಿನಲ್ಲಿ ಒಬ್ಬ ಹುಡುಗಿ. ದುರ್ಗದ ಕಾಲೇಜಿನಲ್ಲಿ ಓದುತ್ತಾಳೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪ ತನ್ನ ಐದು ವರ್ಷದ ಹಳೆಯ ಲ್ಯಾಪ್‌ಟಾಪನ್ನು ಅಣ್ಣನ ಮಗಳಿಗೆಂದು ಕೊಟ್ಟಿದ್ದಾರೆ. ಮನೆಗೆ ಅದೊಂದೇ ಯಂತ್ರ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಇನ್ನು ಮೂರೇ ದಿನ ಉಳಿದಿದೆ ಎನ್ನುವಾಗ ಯಂತ್ರ ಮುಷ್ಕರ ಹೂಡುತ್ತದೆ.

“ಚಿಕ್ಕಪ್ಪಾ, ನೀವು ಕೊಟ್ಟ ಲ್ಯಾಪ್‌ಟಾಪ್ ಚಾರ್ಜೇ ಆಗ್ತಿಲ್ಲ. ರಾತ್ರಿಯೆಲ್ಲ ಹಾಕಿಟ್ಟಿದ್ದೆ.”

“ಬ್ಯಾಟರಿ ಹೋಗಿರಬೇಕು ಬಿಡಮ್ಮ. ದುರ್ಗಕ್ಕೆ ಹೋದಾಗ ಅಂಗಡಿಯಲ್ಲಿ ತೋರಿಸು, ಹೊಸದು ಹಾಕಿಸಿಬಿಡೋಣ.”

ಚಿಕ್ಕಪ್ಪನ ಮಾತಿನಲ್ಲಿ ಪ್ರೀತಿಯೇನೋ ಇದೆ. ಆದರೆ ರೋಗವನ್ನು ತಿಳಿಯುವ ಮೊದಲೇ ಅವರು ಮದ್ದು ಬರೆದುಬಿಟ್ಟಿದ್ದಾರೆ. ಹೊಸ ಬ್ಯಾಟರಿ ಬಂದ ಮೇಲೂ ಯಂತ್ರ ಚಾರ್ಜ್ ಆಗದಿದ್ದರೆ? ಹಣವೂ ಹೋಯಿತು, ಬಸ್ಸಿನ ಓಡಾಟವೂ ಆಯಿತು, ಅರ್ಜಿಯ ಗಡುವೂ ಕಳೆಯಿತು. ಅದರ ಬದಲು ಫೋನಿನಲ್ಲೇ ಮಗಳಿಗೆ ಒಂದೊಂದಾಗಿ ಪ್ರಶ್ನೆ ಕೇಳುತ್ತ ಬಂದರೆ ಏನಾಗುತ್ತದೆಂದು ನೋಡೋಣ.

ಮೊದಲು ಗೋಡೆ

ಮೊದಲನೆಯ ಪ್ರಶ್ನೆ ಯಂತ್ರಕ್ಕೆ ಸಂಬಂಧಿಸಿದ್ದೇ ಅಲ್ಲ: ಗೋಡೆಯ ಪ್ಲಗ್ಗಿನಲ್ಲಿ ವಿದ್ಯುತ್ತು ಇದೆಯೆ? ಸ್ವಿಚ್ಚಿನ ಮೇಲಿನ ಕೆಂಪು ದೀಪ ಉರಿದ ಮಾತ್ರಕ್ಕೆ ಪ್ಲಗ್ಗಿನ ತೂತಿನೊಳಗಿನ ಹಿತ್ತಾಳೆಯ ಹಿಡಿ ಬಿಗಿಯಾಗಿದೆ ಎಂದು ಹೇಳಲಾಗದು. ಹಳೆಯ ಪ್ಲಗ್ಗುಗಳಲ್ಲಿ ಈ ಹಿಡಿ ಸಡಿಲಾಗಿ, ಚಾರ್ಜರಿನ ಪಿನ್ನನ್ನು ಮುಟ್ಟಿಯೂ ಮುಟ್ಟದಂತೆ ನಿಂತಿರುತ್ತದೆ. ಅದೇ ಪ್ಲಗ್ಗಿಗೆ ಟೇಬಲ್ ದೀಪವನ್ನೋ ಮೊಬೈಲ್ ಚಾರ್ಜರನ್ನೋ ಹಾಕಿ ನೋಡಿ. ಅದು ನಡೆದರೆ ಗೋಡೆ ನಿರಪರಾಧಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಬಳಸುತ್ತಿದ್ದರೆ ಅದನ್ನು ತೆಗೆದು ನೇರವಾಗಿ ಗೋಡೆಗೇ ಸಿಕ್ಕಿಸಿ.

‘ನಮ್ಮೂರಲ್ಲಿ ವೋಲ್ಟೇಜ್ ಕಡಿಮೆ, ಅದಕ್ಕೇ ಚಾರ್ಜ್ ಆಗುವುದಿಲ್ಲ’ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಆದರೆ ಚಾರ್ಜರಿನ ಬೆನ್ನನ್ನು ತಿರುಗಿಸಿ ನೋಡಿದರೆ ‘ಇನ್‌ಪುಟ್ 100–240 ವೋಲ್ಟ್’ ಎಂದು ಬರೆದಿರುತ್ತದೆ. ಆದ್ದರಿಂದ ದೀಪ ಮಂಕಾಗಿ, ಫ್ಯಾನು ನಿಧಾನವಾಗಿ ತಿರುಗುವ ಹೊತ್ತಿನಲ್ಲೂ ಲ್ಯಾಪ್‌ಟಾಪಿನ ಚಾರ್ಜರು ತನ್ನ ಕೆಲಸವನ್ನು ಮಾಡಬಲ್ಲುದು. ಅದಕ್ಕೆ ನಿಜವಾದ ಶತ್ರು ಹಠಾತ್ತನೆ ಏರುವ ವೋಲ್ಟೇಜು. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಮಳೆ ಬರುವಾಗ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಚಾರ್ಜರಿನ ಜಾತಕ

ಗೋಡೆಯಾದ ಮೇಲೆ ಚಾರ್ಜರು. ಮೊದಲು ವೈರನ್ನು ತುದಿಯಿಂದ ತುದಿಯವರೆಗೆ ಬೆರಳಲ್ಲಿ ಸವರಿ ನೋಡಿ. ವೈರು ಚಾರ್ಜರಿನ ಪೆಟ್ಟಿಗೆಯಿಂದ ಹೊರಬರುವ ಜಾಗ, ಲ್ಯಾಪ್‌ಟಾಪಿಗೆ ಸಿಕ್ಕಿಸುವ ತುದಿ — ಇವೆರಡು ಕಡೆಗಳಲ್ಲೇ ಅದು ಹೆಚ್ಚಾಗಿ ಮಡಚಿ ಒಳಗೊಳಗೇ ತುಂಡಾಗುತ್ತದೆ. ಅಟ್ಟದಲ್ಲೋ ಬೀರುವಿನ ಹಿಂದೆಯೋ ಇದ್ದ ವೈರಾಗಿದ್ದರೆ ಇಲಿ ಕಡಿದ ಗುರುತಿದೆಯೇ ಎಂದೂ ನೋಡಬೇಕು. ತಾಮ್ರ ಹೊರಕ್ಕೆ ಕಾಣುವ ವೈರಿಗೆ ಪಟ್ಟಿ ಸುತ್ತಿ ಕೆಲಸ ಸಾಗಿಸುವುದು ಉಳಿತಾಯವಲ್ಲ, ಅಪಾಯ.

ಬಹಳಷ್ಟು ಚಾರ್ಜರುಗಳಿಗೆ ಒಂದು ಪುಟ್ಟ ದೀಪವಿರುತ್ತದೆ. ಅದೊಂದು ಒಳ್ಳೆಯ ಸಾಕ್ಷಿ. ಗೋಡೆಗೆ ಸಿಕ್ಕಿಸಿದರೂ ಅದು ಉರಿಯದಿದ್ದರೆ ತಪ್ಪು ಚಾರ್ಜರಿನದು ಅಥವಾ ಗೋಡೆಗೆ ಹೋಗುವ ವೈರಿನದು. ಆ ವೈರು ಬಿಚ್ಚಿ ಹಾಕುವಂಥದಾದರೆ ಬೇರೊಂದನ್ನು ತಂದು ಪರೀಕ್ಷಿಸಬಹುದು. ದೀಪ ಉರಿಯುತ್ತಿದ್ದು, ತುದಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕ್ಷಣವೇ ಆರಿಹೋದರೆ ಅರ್ಥವೇ ಬೇರೆ: ಲ್ಯಾಪ್‌ಟಾಪಿನ ಒಳಗೆಲ್ಲೋ ಷಾರ್ಟ್ ಆಗಿದೆ, ಚಾರ್ಜರು ತನ್ನನ್ನು ತಾನು ಕಾಪಾಡಿಕೊಳ್ಳಲು ಸುಮ್ಮನಾಗಿದೆ. ಆಗ ಮತ್ತೆ ಮತ್ತೆ ಸಿಕ್ಕಿಸಿ ನೋಡದೆ ಯಂತ್ರವನ್ನು ಅಂಗಡಿಗೆ ಒಯ್ಯುವುದೇ ಸರಿ.

ಇನ್ನು ಚಾರ್ಜರಿನ ಬೆನ್ನ ಮೇಲಿನ ಚೀಟಿ. ಅದನ್ನು ಚಾರ್ಜರಿನ ಜಾತಕವೆನ್ನಬಹುದು. ‘ಔಟ್‌ಪುಟ್ 19.5 ವೋಲ್ಟ್, 3.34 ಆಂಪಿಯರ್’ ಎಂದಿದ್ದರೆ ಎರಡನ್ನೂ ಗುಣಿಸಿ: ಸುಮಾರು 65 ವಾಟ್. ಲ್ಯಾಪ್‌ಟಾಪಿನ ಅಡಿಯಲ್ಲೂ ಅದಕ್ಕೆ ಬೇಕಾದ ವೋಲ್ಟೂ ಆಂಪಿಯರೂ ಬರೆದಿರುತ್ತವೆ. ವೋಲ್ಟು ಎರಡು ಕಡೆಯೂ ಹೊಂದಬೇಕು. ವಾಟ್ ಹೆಚ್ಚಿದ್ದರೆ ತೊಂದರೆಯಿಲ್ಲ. ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ತೊಂದರೆಯಿದೆ. 65 ವಾಟ್ ಬೇಡುವ ಯಂತ್ರಕ್ಕೆ 45 ವಾಟಿನ ಚಾರ್ಜರನ್ನು ಹಾಕಿದರೆ ಅದು ಆಮೆಯಂತೆ ಚಾರ್ಜ್ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ.

ಕೆಲವು ತಯಾರಿಕೆಗಳ ಚಾರ್ಜರಿನ ತುದಿಯಲ್ಲಿ, ನಡುವೆ, ಸೂಜಿಯಂಥ ಒಂದು ತೆಳು ಪಿನ್ನು ಇರುತ್ತದೆ. ವಿದ್ಯುತ್ತನ್ನು ಒಯ್ಯುವುದು ಅದರ ಕೆಲಸವಲ್ಲ. ‘ನಾನು ಇಂಥ ಚಾರ್ಜರು, ನನ್ನ ಶಕ್ತಿ ಇಷ್ಟು’ ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದರ ಕೆಲಸ. ಆ ಪಿನ್ನು ಬಾಗಿದರೆ ಅಥವಾ ಮುರಿದರೆ ಲ್ಯಾಪ್‌ಟಾಪು ಚಾರ್ಜರನ್ನು ಗುರುತಿಸುವುದಿಲ್ಲ. ಯಂತ್ರ ನಡೆಯುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ! ಇಂಥ ಸ್ಥಿತಿಯಲ್ಲಿ ಬ್ಯಾಟರಿಯನ್ನು ಬದಲಿಸಿದವರಿಗೆ ನಷ್ಟವೇ ಗತಿ. ಈಚಿನ ಯಂತ್ರಗಳಲ್ಲಿ ಮೊಬೈಲಿನದರಂತೆಯೇ ಕಾಣುವ ಟೈಪ್-ಸಿ ತೂತಿರುತ್ತದೆ. ಹಾಗೆಂದು ಮೊಬೈಲಿನ ಚಾರ್ಜರನ್ನು ಅದಕ್ಕೆ ಸಿಕ್ಕಿಸಿದರೆ ಸಾಲದು. ಲ್ಯಾಪ್‌ಟಾಪಿಗೆ ಬೇಕಾದ 20 ವೋಲ್ಟನ್ನು ಕೊಡಬಲ್ಲ ಚಾರ್ಜರೂ ಅದನ್ನು ಹೊರಬಲ್ಲ ಕೇಬಲ್ಲೂ ಬೇಕು.

ಯಂತ್ರದ ಹೊಸ್ತಿಲು

ಚಾರ್ಜರೂ ನಿರಪರಾಧಿಯೆಂದು ಗೊತ್ತಾದರೆ ಯಂತ್ರದ ಹೊಸ್ತಿಲಿಗೆ ಬಂದಂತಾಯಿತು. ಚಾರ್ಜರಿನ ತುದಿಯನ್ನು ಸಿಕ್ಕಿಸುವ ತೂತನ್ನು ಟಾರ್ಚ್ ಬಿಟ್ಟು ನೋಡಿ. ಧೂಳೂ ನೂಲಿನ ಎಳೆಯೂ ಸೇರಿದ್ದರೆ ಯಂತ್ರವನ್ನು ಆರಿಸಿ, ಪ್ಲಗ್ಗನ್ನು ತೆಗೆದು, ಒಣ ಬ್ರಷ್ಷಿನಿಂದ ಹಗುರವಾಗಿ ತೆಗೆಯಬಹುದು. ಪಿನ್ನನ್ನು ಅತ್ತಿತ್ತ ಅಲುಗಿಸಿದಾಗ ಮಾತ್ರ ಚಾರ್ಜ್ ಆಗುತ್ತದೆ ಎಂದಾದರೆ ತೂತಿನ ಹಿಂದಿನ ಬೆಸುಗೆ ಬಿರುಕುಬಿಟ್ಟಿದೆಯೆಂದು ತಿಳಿಯಬೇಕು. ಅದು ರಿಪೇರಿಯವರ ಕೆಲಸ, ಆದರೆ ದೊಡ್ಡ ಕೆಲಸವಲ್ಲ. ವೈರಿಗೆ ಪುಸ್ತಕವನ್ನು ಒತ್ತಿಟ್ಟು, ಓರೆ ಮಾಡಿ, ದಿನ ದೂಡಿದರೆ ಮಾತ್ರ ಸಣ್ಣ ಕೆಲಸ ದೊಡ್ಡದಾಗುತ್ತದೆ. ಕಿಡಿ ಹಾರಿ ಒಳಗಿನ ಬೋರ್ಡೇ ಸುಡಬಹುದು.

ಬ್ಯಾಟರಿಯನ್ನು ಹೊರಗಿನಿಂದಲೇ ಬಿಚ್ಚಬಹುದಾದ ಹಳೆಯ ಯಂತ್ರವಾಗಿದ್ದರೆ ಒಂದು ಸೊಗಸಾದ ಪರೀಕ್ಷೆಯುಂಟು. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರನ್ನು ತೆಗೆದು, ಬ್ಯಾಟರಿಯನ್ನು ಕಳಚಿ, ಆನ್ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದಿದ್ದ ಅಲ್ಪಸ್ವಲ್ಪ ವಿದ್ಯುತ್ತು ಇದರಿಂದ ಖಾಲಿಯಾಗುತ್ತದೆ. ಚಾರ್ಜನ್ನು ನಿಯಂತ್ರಿಸುವ ಪುಟ್ಟ ಮಿದುಳು ಹೊಸದಾಗಿ ಎಚ್ಚರಗೊಳ್ಳುತ್ತದೆ. ಅನಂತರ ಬ್ಯಾಟರಿಯಿಲ್ಲದೆ ಬರೀ ಚಾರ್ಜರಿನ ಬಲದಿಂದ ಯಂತ್ರವನ್ನು ನಡೆಸಿ. ನಡೆದರೆ ಚಾರ್ಜರೂ ಹೊಸ್ತಿಲೂ ಸರಿಯಾಗಿವೆ, ಸಂದೇಹ ಬ್ಯಾಟರಿಯ ಮೇಲೆ. ನಡೆಯದಿದ್ದರೆ ಬ್ಯಾಟರಿಯನ್ನು ದೂರಲು ಕಾರಣವಿಲ್ಲ. ಬ್ಯಾಟರಿ ಒಳಗೇ ಇರುವ ತೆಳು ಯಂತ್ರಗಳಲ್ಲಿ ಚಾರ್ಜರನ್ನು ತೆಗೆದು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುವುದರಿಂದಲೂ ಕೆಲವೊಮ್ಮೆ ಗುಣ ಕಾಣುತ್ತದೆ. ಅಲ್ಲಿ ಮುಚ್ಚಳವನ್ನು ಬಿಚ್ಚುವ ಸಾಹಸ ಬೇಡ.

ಯಂತ್ರವೇ ಬೇಕೆಂದು ಚಾರ್ಜನ್ನು ನಿಲ್ಲಿಸುವ ಸಂದರ್ಭಗಳೂ ಉಂಟು. ಹಲವು ತಯಾರಕರು ಬ್ಯಾಟರಿಯ ಆಯುಸ್ಸನ್ನು ಉಳಿಸಲು 60 ಅಥವಾ 80 ಪ್ರತಿಶತಕ್ಕೆ ಚಾರ್ಜ್ ನಿಲ್ಲುವಂತೆ ಒಂದು ಏರ್ಪಾಡು ಇಟ್ಟಿರುತ್ತಾರೆ. ಚಿಕ್ಕಪ್ಪ ಎಂದೋ ಅದನ್ನು ಹಾಕಿ ಮರೆತಿದ್ದರೆ, 60ಕ್ಕೆ ನಿಲ್ಲುವ ಅಂಕಿಯನ್ನು ಮಗಳು ರೋಗವೆಂದು ಭ್ರಮಿಸುವುದು ಸಹಜ. ಇನ್ನೊಂದು ಕಾರಣ ಬಿಸಿ. ಬ್ಯಾಟರಿಯ ಉಷ್ಣತೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಕಾವಲುಗಾರ ಮಂಡಲವು ಚಾರ್ಜನ್ನು ತಡೆಯಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ, ಹಾಸಿಗೆಯ ಮೇಲೆ ಇಟ್ಟ ಯಂತ್ರ ಆ ಮಟ್ಟವನ್ನು ಮುಟ್ಟುವುದು ಕಷ್ಟವೇನಲ್ಲ. ಇದರ ಮೇಲೆ ಧೂಳು. ಹಿರೇಗುಂಟನೂರು ಹೋಬಳಿ ಕಬ್ಬಿಣದ ಅದಿರಿನ ಸೀಮೆ. ಗಾಳಿಯಲ್ಲಿ ಕೆಂಧೂಳು ತೇಲುವ ಕಡೆಗಳಲ್ಲಿ ಲ್ಯಾಪ್‌ಟಾಪಿನ ಫ್ಯಾನಿನ ಕಿಂಡಿ ಬೇಗ ಕಟ್ಟಿಕೊಳ್ಳುತ್ತದೆ. ಕಿಂಡಿ ಕಟ್ಟಿದರೆ ಒಳಗೆ ಕಾವು. ಆ ಕಾವಿನಿಂದ ಬ್ಯಾಟರಿಗೆ ಅಕಾಲದ ಮುಪ್ಪು. ಕೆಳಗೊಂದು ಮಣೆಯನ್ನಿಟ್ಟು, ಕಿಂಡಿಯ ಧೂಳನ್ನು ಆಗಾಗ ತೆಗೆಸಿದರೆ ಅದಕ್ಕಿಂತ ಅಗ್ಗದ ಔಷಧಿ ಬೇರೊಂದಿಲ್ಲ.

ಬ್ಯಾಟರಿಗೆ ಮುಪ್ಪು ಏಕೆ?

ಇಷ್ಟೆಲ್ಲ ನೋಡಿದ ಮೇಲೆ ಬ್ಯಾಟರಿಯ ಸರದಿ. ಇಟಲಿಯ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳನ್ನು ಪೇರಿಸಿ ವಿದ್ಯುತ್ತನ್ನು ಹೊರಡಿಸಿದುದರಿಂದ ಮೊದಲಾದ ಈ ಕಥೆಯಲ್ಲಿ, ನಮ್ಮ ಲ್ಯಾಪ್‌ಟಾಪಿನ ಲಿಥಿಯಂ-ಅಯಾನ್ ಬ್ಯಾಟರಿ ಈಚಿನ ಅಧ್ಯಾಯ. 1970ರ ದಶಕದಲ್ಲಿ ವಿಟಿಂಗ್‌ಹ್ಯಾಮ್ ಅದರ ತಳಹದಿಯನ್ನು ಹಾಕಿದರು. 1980ರಲ್ಲಿ ಗುಡೆನಫ್ ಕೋಬಾಲ್ಟ್ ಆಕ್ಸೈಡಿನ ಧನಧ್ರುವವನ್ನು ತೋರಿಸಿಕೊಟ್ಟರು. 1985ರಲ್ಲಿ ಜಪಾನಿನ ಯೋಷಿನೊ ಬಳಕೆಗೆ ತಕ್ಕ ಮಾದರಿಯನ್ನು ಮಾಡಿದರು. 1991ರಲ್ಲಿ ಸೋನಿ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆತಾಗ ಗುಡೆನಫ್ ಅವರಿಗೆ 97 ವರ್ಷ.

ಬ್ಯಾಟರಿಯೊಳಗಿನ ಒಂದೊಂದು ಸೆಲ್ಲಿನಲ್ಲೂ ಎರಡು ಮನೆಗಳು. ಒಂದು ಮನೆ ಅಲ್ಯೂಮಿನಿಯಂ ಹಾಳೆಗೆ ಬಳಿದ ಲೋಹದ ಆಕ್ಸೈಡು. ಇನ್ನೊಂದು, ತಾಮ್ರದ ಹಾಳೆಗೆ ಬಳಿದ ಗ್ರಾಫೈಟು, ಅಂದರೆ ಪೆನ್ಸಿಲಿನ ಕಡ್ಡಿಯಲ್ಲಿರುವ ವಸ್ತು. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಹಿಂದೆ ನೆಲದಿಂದ ತೆಗೆಯುತ್ತಿದ್ದುದು ಈ ತಾಮ್ರವನ್ನೇ. ಇನ್ನು ಲಿಥಿಯಂ ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಬಂಡೆಗಳಲ್ಲಿದೆ. ಅಲ್ಲಿ ಸುಮಾರು 1,600 ಟನ್ನಿನಷ್ಟು ಇರಬಹುದೆಂದು ಪರಮಾಣು ಇಂಧನ ಇಲಾಖೆಯ ಅಂದಾಜು. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಆಕ್ಸೈಡಿನ ಮನೆಯಿಂದ ಹೊರಟು ಗ್ರಾಫೈಟಿನ ಮನೆ ಸೇರುತ್ತವೆ. ಯಂತ್ರವನ್ನು ನಡೆಸುವಾಗ ಹಿಂದಿರುಗುತ್ತವೆ. ಪ್ರತಿ ಪ್ರಯಾಣದಲ್ಲೂ ಕೆಲವು ಕಣಗಳು ಗ್ರಾಫೈಟಿನ ಮೇಲೆ ಕಟ್ಟುವ ಒಂದು ತೆಳು ಪೊರೆಯಲ್ಲಿ ಸಿಕ್ಕಿಕೊಂಡು ಮರಳುವುದೇ ಇಲ್ಲ. ಪೊರೆ ದಪ್ಪವಾದಂತೆ ಪ್ರಯಾಣಿಕರು ಕಡಿಮೆಯಾಗುತ್ತಾರೆ. ಬ್ಯಾಟರಿಯ ಮುಪ್ಪೆಂದರೆ ಮುಖ್ಯವಾಗಿ ಇದೇ.

ಸಾಧಾರಣವಾಗಿ 300ರಿಂದ 500 ಸಲ ಪೂರ್ತಿ ತುಂಬಿ ಪೂರ್ತಿ ಖಾಲಿಯಾದ ಬ್ಯಾಟರಿಯಲ್ಲಿ ಮೊದಲಿನ ಶಕ್ತಿಯ ಸುಮಾರು 80 ಪ್ರತಿಶತ ಉಳಿದಿರುತ್ತದೆ. ಅರ್ಧರ್ಧ ಎರಡು ಸಲ ತುಂಬಿದರೆ ಅದು ಒಂದೇ ಎಣಿಕೆ. ಈ ಎಣಿಕೆಯ ಹೊರತಾಗಿ ಇನ್ನಿಬ್ಬರು ಶತ್ರುಗಳಿದ್ದಾರೆ: ಬಿಸಿ, ಮತ್ತು ಸದಾ ತುಂಬಿ ತುಳುಕುವ ಸ್ಥಿತಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಳಗಿನ ಬೇಡದ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಹಗಲಿರುಳೂ ಪ್ಲಗ್ಗಿಗೆ ಸಿಕ್ಕಿಸಿ, 100 ಪ್ರತಿಶತದಲ್ಲೇ ಇಟ್ಟು, ಬಿಸಿಯಲ್ಲಿ ಬೇಯಿಸಿದ ಬ್ಯಾಟರಿ, ಒಂದು ದಿನವೂ ‘ಉಪಯೋಗಿಸದೆ’ ಮುದಿಯಾಗುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಸೆಲ್ಲಿನ ವೋಲ್ಟು ಸುರಕ್ಷಿತ ಮಟ್ಟಕ್ಕಿಂತ ಕೆಳಗಿಳಿದು, ಕಾವಲುಗಾರ ಮಂಡಲವು ಮುಂದೆ ಚಾರ್ಜನ್ನೇ ನಿರಾಕರಿಸುತ್ತದೆ.

ಯಂತ್ರವೇ ಬರೆದುಕೊಡುವ ವರದಿ

ಬ್ಯಾಟರಿಗೆ ಎಷ್ಟು ಮುಪ್ಪು ಬಂದಿದೆಯೆಂದು ಊಹಿಸಬೇಕಾಗಿಲ್ಲ, ಯಂತ್ರವನ್ನೇ ಕೇಳಬಹುದು. ವಿಂಡೋಸ್ 8 ಮತ್ತು ಅದರ ಮುಂದಿನ ಯಂತ್ರಗಳಲ್ಲಿ ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿಯನ್ನು ತೆರೆಯಿರಿ. ಇಂಗ್ಲಿಷಿನಲ್ಲಿ ‘ಪವರ್’ ಎಂಬ ಪದವನ್ನು ಬರೆದು, ಅದಕ್ಕೆ ತೆರಪಿಲ್ಲದಂತೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನು ಅಂಟಿಸಿ. ಒಂದು ತೆರಪು ಬಿಟ್ಟು, ಬಲಕ್ಕೆ ವಾಲಿದ ಓರೆಗೆರೆಯನ್ನು ಹಾಕಿ, ‘ಬ್ಯಾಟರಿ’ ‘ರಿಪೋರ್ಟ್’ ಎಂಬ ಎರಡು ಪದಗಳನ್ನು ಕೂಡಿಸಿ ಬರೆದು ಎಂಟರ್ ಒತ್ತಿ. ವರದಿಯನ್ನು ಎಲ್ಲಿ ಇಟ್ಟಿದ್ದೇನೆಂದು ಯಂತ್ರ ತಿಳಿಸುತ್ತದೆ. ಅದನ್ನು ತೆರೆದರೆ ಎರಡು ಅಂಕಿಗಳು ಮುಖ್ಯ: ‘ಡಿಸೈನ್ ಕೆಪಾಸಿಟಿ’ ಎಂದರೆ ಹುಟ್ಟಿದಾಗಿನ ಶಕ್ತಿ, ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗ ಪೂರ್ತಿ ತುಂಬಿದಾಗ ಹಿಡಿಯುವ ಶಕ್ತಿ. ಮೊದಲನೆಯದು 48,000, ಎರಡನೆಯದು 24,000 ಎಂದಿದ್ದರೆ ಬ್ಯಾಟರಿ ಅರ್ಧ ಸವೆದಿದೆ ಎಂದರ್ಥ. ಮ್ಯಾಕ್ ಯಂತ್ರಗಳಲ್ಲಿ ‘ಸಿಸ್ಟಮ್ ಇನ್ಫರ್ಮೇಷನ್’ನ ‘ಪವರ್’ ವಿಭಾಗದಲ್ಲಿ ಎಷ್ಟು ಸುತ್ತು ಚಾರ್ಜ್ ಆಗಿದೆಯೆಂಬ ಲೆಕ್ಕವೂ ಬ್ಯಾಟರಿಯ ಸ್ಥಿತಿಯೂ ಸಿಗುತ್ತವೆ.

ಅಂಕಿಗಳು ಚೆನ್ನಾಗಿದ್ದೂ ಯಂತ್ರ 30 ಪ್ರತಿಶತದಲ್ಲಿ ಥಟ್ಟನೆ ಆರಿಹೋಗುವುದುಂಟು. ಎರಡು ಕಾರಣಗಳಿರಬಹುದು. ಒಂದು, ಅಳತೆ ತಪ್ಪಿರುವುದು. ಒಮ್ಮೆ ಪೂರ್ತಿ ತುಂಬಿ, ತಾನಾಗಿ ಆರುವವರೆಗೆ ನಡೆಸಿ, ಮತ್ತೆ ಪೂರ್ತಿ ತುಂಬಿದರೆ ಅಳತೆ ಸರಿಹೋಗುತ್ತದೆ. ಇದು ಅಪರೂಪಕ್ಕೆ ಮಾಡುವ ಉಪಚಾರ, ನಿತ್ಯದ ವ್ರತವಲ್ಲ. ಇನ್ನೊಂದು, ಸಾಲಾಗಿ ಜೋಡಿಸಿದ ಮೂರು ನಾಲ್ಕು ಸೆಲ್ಲುಗಳಲ್ಲಿ ಒಂದು ಸೋತಿರುವುದು. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮಲಗಿದರೆ ಗಾಡಿ ನಿಂತೇ ನಿಲ್ಲುತ್ತದೆ. ಆಗ ಹೊಸ ಬ್ಯಾಟರಿಯೇ ಪರಿಹಾರ.

ಹಳೆಯ ಯಂತ್ರವನ್ನು ತೆರೆದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಓಡಿರುತ್ತದೆಯೇ? ಅದರಿಂದಾಗಿ ಅರ್ಜಿಯ ಪುಟ ‘ಸುರಕ್ಷಿತವಲ್ಲ’ ಎಂದು ತೆರೆಯಲು ಒಪ್ಪುವುದಿಲ್ಲವೇ? ಅದು ದೊಡ್ಡ ಬ್ಯಾಟರಿಯ ತಪ್ಪಲ್ಲ. ಗಡಿಯಾರವನ್ನು ನಡೆಸಲು ಒಳಗೆ ನಾಣ್ಯದಂಥ ಒಂದು 3 ವೋಲ್ಟಿನ ಬಟನ್ ಸೆಲ್ಲಿರುತ್ತದೆ. ಬೆಲೆ ಬಹಳ ಕಡಿಮೆ. ಅದನ್ನು ಬದಲಾಯಿಸಿದರೆ ಕಾಲ ಮತ್ತೆ ಮುಂದಕ್ಕೆ ನಡೆಯುತ್ತದೆ.

ಉಬ್ಬಿದರೆ ಅಲ್ಲಿಗೆ ನಿಲ್ಲಿಸಿ

ಇಲ್ಲಿಯವರೆಗಿನ ಎಲ್ಲ ಪರೀಕ್ಷೆಗಳಿಗಿಂತ ಮುಖ್ಯವಾದ ಒಂದು ನೋಟವಿದೆ. ಚಾರ್ಜರನ್ನು ಮುಟ್ಟುವುದಕ್ಕೂ ಮೊದಲು ಅದನ್ನು ಮಾಡಬೇಕು. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಅದು ಕುಂಟುತ್ತಿದೆಯೆ? ಬೆರಳಾಡಿಸುವ ಪಟ್ಟಿ ಮೇಲಕ್ಕೆದ್ದಿದೆಯೆ? ಕೀಲಿಮಣೆಯ ನಡುಭಾಗ ಉಬ್ಬಿ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲವೆ? ಸಿಹಿಯೋ ಒಗರೋ ಹೇಳಲಾಗದ ಒಂದು ಔಷಧದ ವಾಸನೆ ಬರುತ್ತಿದೆಯೆ? ಹಾಗಿದ್ದರೆ ಒಳಗಿನ ಬ್ಯಾಟರಿ ಅನಿಲ ತುಂಬಿ ಊದಿಕೊಂಡಿದೆ. ಯಂತ್ರವನ್ನು ಆರಿಸಿ, ಚಾರ್ಜರನ್ನು ಕಿತ್ತು, ಮತ್ತೆ ಸಿಕ್ಕಿಸಬೇಡಿ. ಒತ್ತಬೇಡಿ, ಚುಚ್ಚಬೇಡಿ, ಬಿಸಿಲಿಗೆ ಇಡಬೇಡಿ. ಚುಚ್ಚಿದರೆ ಗಾಳಿ ಹೋಗಿ ಸರಿಯಾಗುತ್ತದೆಂಬುದು ಪ್ರಾಣಾಪಾಯದ ತಿಳಿವಳಿಕೆ. ಬಟ್ಟೆ ಕಾಗದಗಳಿಂದ ದೂರದಲ್ಲಿ, ಕಲ್ಲಿನ ನೆಲದ ಮೇಲಿಟ್ಟು, ಬೇಗನೆ ತಿಳಿದವರಿಂದ ತೆಗೆಸಬೇಕು.

ಇದು ಅಗ್ಗದ ವಸ್ತುಗಳಿಗೆ ಮಾತ್ರ ಬರುವ ಕಂಟಕವೆಂದು ಭಾವಿಸಬೇಕಾಗಿಲ್ಲ. 2006ರ ಆಗಸ್ಟಿನಲ್ಲಿ ಡೆಲ್ ಕಂಪೆನಿ, ಬೆಂಕಿಯ ಭಯದಿಂದ, ಸೋನಿಯ ಸೆಲ್ಲುಗಳಿದ್ದ ಸುಮಾರು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಹೊಗೆಯೇಳುವ ಯಂತ್ರವನ್ನು ಕೈಯಲ್ಲಿ ಹಿಡಿದು ಓಡುವುದು ಬೇಡ. ಮನೆಯವರೆಲ್ಲರೂ ಹೊರಕ್ಕೆ ಬಂದು 112ಕ್ಕೆ ಫೋನ್ ಮಾಡಬೇಕು. ಯಂತ್ರಕ್ಕಿಂತ ಮನುಷ್ಯರು ದೊಡ್ಡವರು.

ಹೊಸ ಬ್ಯಾಟರಿಯನ್ನು ಕೊಳ್ಳುವಾಗ

ತಪ್ಪಿತಸ್ಥ ಬ್ಯಾಟರಿಯೇ ಎಂದು ಸಿದ್ಧವಾದರೆ ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಕೊಳ್ಳುವಾಗ ಕಣ್ಣು ತೆರೆದಿರಬೇಕು. ಲ್ಯಾಪ್‌ಟಾಪಿನ ಹೆಸರನ್ನು ಹೇಳಿದರೆ ಸಾಲದು. ಹಳೆಯ ಬ್ಯಾಟರಿಯ ಮೇಲಿರುವ ಪಾರ್ಟ್ ನಂಬರನ್ನೂ ವೋಲ್ಟನ್ನೂ ಬರೆದುಕೊಂಡು ಹೋಗಿ. 10.8 ಮತ್ತು 11.1 ವೋಲ್ಟ್ ಎರಡೂ ಮೂರು ಸೆಲ್ಲಿನ ಸಾಲಿನವೇ ಆದ್ದರಿಂದ ಒಂದೇ ಪಂಗಡ, 14.4 ಮತ್ತು 14.8 ನಾಲ್ಕು ಸೆಲ್ಲಿನ ಇನ್ನೊಂದು ಪಂಗಡ. ಒಂದು ಪಂಗಡದ ಜಾಗಕ್ಕೆ ಇನ್ನೊಂದನ್ನು ಹಾಕಿಸಬಾರದು. ತಯಾರಾದ ತಾರೀಖನ್ನು ನೋಡಿ. ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ‘ಹೊಸ’ ಬ್ಯಾಟರಿಗೂ ಮುಪ್ಪು ಬಂದಿರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಗುರುತು, ಅದರೊಡನೆ ಐಎಸ್ 16046 ಎಂಬ ಅಂಕಿ, ‘ಆರ್’ ಎಂಬ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆ ಇವು ಇವೆಯೇ ಎಂದು ಪರೀಕ್ಷಿಸಿ. ರಸೀದಿಯನ್ನು ಕೇಳಿ ಪಡೆಯಿರಿ.

ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು, ಗುಜರಿಯವರ ತಕ್ಕಡಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ಬ್ಯಾಟರಿಯ ಮೇಲೆ ಕಾಣುವ, ಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ಹೇಳುವುದು ಇದನ್ನೇ. ಹೊಸದನ್ನು ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಡುವ ಬಗ್ಗೆ ವಿಚಾರಿಸಿ. ಒಯ್ಯುವಾಗ ಅದರ ಲೋಹದ ತುದಿಗಳಿಗೆ ಅಂಟುಪಟ್ಟಿ ಹಚ್ಚುವುದನ್ನು ಮರೆಯಬೇಡಿ.

ಕೊಡುವವರಿಗೆ ಎರಡು ಮಾತು

ಈಗ ಪಟ್ಟಣದ ಅಣ್ಣಂದಿರಿಗೂ ಅತ್ತೆ ಚಿಕ್ಕಪ್ಪಂದಿರಿಗೂ ಎರಡು ಮಾತು. ಊರಿನ ಮಗುವಿಗೆ ಹಳೆಯ ಲ್ಯಾಪ್‌ಟಾಪ್ ಕೊಡುವುದು ಒಳ್ಳೆಯ ಕೆಲಸ. ಆದರೆ ನಿಮ್ಮ ಮನೆಯಲ್ಲಿ ಸದಾ ಪ್ಲಗ್ಗಿಗೆ ಸಿಕ್ಕಿಸಿಯೇ ನಡೆಯುತ್ತಿದ್ದ ಯಂತ್ರದ ಬ್ಯಾಟರಿ ಸತ್ತಿದ್ದರೂ ನಿಮಗೆ ತಿಳಿದಿರುವುದಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಬ್ಯಾಟರಿ ಅಲಂಕಾರವಲ್ಲ, ಆಧಾರ. ಅರ್ಜಿಯ ಕೊನೆಯ ಪುಟದಲ್ಲಿರುವಾಗ ದೀಪ ಆರಿದರೆ, ಇನ್ನೊಂದು ಹತ್ತು ನಿಮಿಷ ಉಸಿರು ಹಿಡಿದಿಡುವ ಬ್ಯಾಟರಿಯೇ ಒಂದು ವರ್ಷದ ಓದನ್ನು ಉಳಿಸಬಹುದು.

ಆದ್ದರಿಂದ ಕಳುಹಿಸುವ ಒಂದು ವಾರ ಮೊದಲು ಪ್ಲಗ್ಗನ್ನು ತೆಗೆದು, ಬರೀ ಬ್ಯಾಟರಿಯಲ್ಲಿ ಎಷ್ಟು ಹೊತ್ತು ನಡೆಯುತ್ತದೆಂದು ಗಡಿಯಾರ ಹಿಡಿದು ನೋಡಿ. ಬ್ಯಾಟರಿಯ ವರದಿಯನ್ನು ತೆಗೆಯಿರಿ. ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಹೊಸ ಬ್ಯಾಟರಿಯನ್ನು ನೀವೇ ಹಾಕಿಸಿ ಕೊಡಿ. ಪಟ್ಟಣದಲ್ಲಿ ಅಂಗಡಿ ಹತ್ತಿರ, ಆಯ್ಕೆಯೂ ಹೆಚ್ಚು. ಫ್ಯಾನಿನ ಧೂಳನ್ನು ತೆಗೆಸಿ. ಒಳಗಿನ ವಿಂಡೋಸ್ 10 ಆಗಿದ್ದರೆ, ಅದಕ್ಕೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನು ನೆನಪಿಟ್ಟು ತಕ್ಕ ಏರ್ಪಾಡು ಮಾಡಿ.

ಕೊಟ್ಟ ತಕ್ಷಣ ಬಳಸುವುದಿಲ್ಲವೆಂದಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬೇಡಿ, ಪೂರ್ತಿ ಬರಿದು ಮಾಡಿಯೂ ಇಡಬೇಡಿ. ಅರ್ಧದ ಮಟ್ಟದಲ್ಲಿ, ತಂಪಾದ ಒಣ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಎಬ್ಬಿಸಿ ನೋಡಿ. ಚೀಲದಲ್ಲಿ ಅದೇ ಯಂತ್ರದ ಚಾರ್ಜರನ್ನೇ ಇಡಿ, ಹೋಲುವ ಇನ್ನೊಂದನ್ನಲ್ಲ. ಅದರ ಜೊತೆಗೆ ಒಂದು ಕಾಗದದಲ್ಲಿ ಚಾರ್ಜರಿನ ವೋಲ್ಟು, ಆಂಪಿಯರು, ಬ್ಯಾಟರಿಯ ಪಾರ್ಟ್ ನಂಬರು, ಹಾಕಿಸಿದ ತಾರೀಖು, ಚಾರ್ಜನ್ನು 80ಕ್ಕೆ ನಿಲ್ಲಿಸುವ ಏರ್ಪಾಡು ಹಾಕಿದ್ದರೆ ಆ ಸಂಗತಿ — ಇಷ್ಟನ್ನು ಸ್ಪಷ್ಟವಾದ ಅಕ್ಷರದಲ್ಲಿ ಬರೆದಿಡಿ. ಯಂತ್ರ ಮುಂದೊಂದು ದಿನ ಹಟ ಹಿಡಿದಾಗ, ಅದನ್ನು ಓದಿಕೊಂಡೇ ಮಗು ಗೋಡೆಯಿಂದ ತನ್ನ ಪರೀಕ್ಷೆಯನ್ನು ಆರಂಭಿಸಬಲ್ಲದು.